ಹೊನ್ನೆಯ ಬಟ್ಟಲು: ತಡವಾಗಿ ಬಂದ ಒಂದು ಉತ್ತರ

ಕಳೆದ ಜನವರಿಯ ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಬಹಳ ವರ್ಷಗಳಿಂದ ಸ್ವೀಡನ್ನಿನಲ್ಲಿ ನೆಲೆಸಿರುವ ಅವಳು ಊರಿಗೆ ಬಂದಾಗಲೆಲ್ಲ ನಮ್ಮನ್ನು ನೋಡದೆ ಹಿಂದಿರುಗುವವಳಲ್ಲ. ಈ ಸಲ ಅವಳು ನನಗಾಗಿ ತಂದದ್ದು ಮರದಲ್ಲಿ ಕೆತ್ತಿದ ಒಂದು ಬಟ್ಟಲು. ಅಂಗೈಯಲ್ಲಿ ಕೂರುವಷ್ಟು ಗಾತ್ರ. ಬೆರಳು ತೂರಿಸಿ ಹಿಡಿಯಲು ರಂಧ್ರವಿರುವ ಚಿಕ್ಕ ಹಿಡಿ. ಬೆಣ್ಣೆಯಂತೆ ನುಣುಪಾದ ಮೈ. ಸ್ಕ್ಯಾಂಡಿನೇವಿಯದ ಉತ್ತರದ ತುದಿಯಲ್ಲಿ ಹಿಮಸಾರಂಗಗಳನ್ನು ಮೇಯಿಸಿಕೊಂಡು ಬಂದ ಸಾಮಿ ಜನರು ಇದನ್ನು ‘ಗುಕ್ಸಿ’ ಎಂದೂ, ಫಿನ್ಲೆಂಡಿನವರು ‘ಕುಕ್ಸ’ ಎಂದೂ ಕರೆಯುತ್ತಾರಂತೆ. ಸೊಂಟಪಟ್ಟಿಗೆ ಕಟ್ಟಿಕೊಂಡು ಹೊರಟರೆ ತೊರೆಯ ನೀರಿಗೂ ಅದೇ, ಬಿಸಿ ಕಾಫಿಗೂ ಅದೇ.

“ನಮ್ಮಲ್ಲಿ ಹೀಗೆ ಮರದಲ್ಲಿ ಕೆತ್ತಿದ ಲೋಟ ಇಲ್ಲವೇ ಸರ್?” ಎಂದು ಅವಳು ಕೇಳಿದಳು.

ನಾನು ಎದ್ದು ಹೋಗಿ ಅಲ್ಮಾರಿನ ಮೇಲಿನ ಅರೆಯಲ್ಲಿ, ಹಳೆಯ ಹಾಜರಿ ಪುಸ್ತಕಗಳ ಹಿಂದೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಹೊನ್ನೆ ಮರದ ಬಟ್ಟಲನ್ನು ತಂದೆ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಅದು ನನ್ನೊಡನೆ ವರ್ಗಾವಣೆಗೊಂಡ ಊರುಗಳನ್ನೆಲ್ಲ ಸುತ್ತಿತ್ತು; ಆದರೆ ಅದರಲ್ಲಿ ಒಮ್ಮೆಯೂ ನೀರು ಕುಡಿದವನಲ್ಲ. ಅವಳು ಅದನ್ನು ತೊಳೆದು, ನೀರು ತುಂಬಿ, ಜಗಲಿಯ ಬಿಸಿಲಿನಲ್ಲಿಟ್ಟಳು. ನಾವು ತಿಂಡಿ ಮುಗಿಸಿ ಬರುವಷ್ಟರಲ್ಲಿ ನೀರು ಹೊಂಬಣ್ಣಕ್ಕೆ ತಿರುಗಿತ್ತು. ಬಗ್ಗಿ ನೋಡಿದ ಅವಳು ಬೆರಗಾಗಿ ಹೇಳಿದಳು: “ಸರ್, ನೀರಿನ ಅಂಚಿನಲ್ಲಿ ನೀಲಿ ಕಾಣುತ್ತಿದೆ!”

ಆ ಮಾತು ಕೇಳಿದೊಡನೆ ನನ್ನ ಕೈಯಲ್ಲಿದ್ದ ಕಾಫಿ ಲೋಟ ಹಾಗೆಯೇ ನಿಂತಿತು. ಅದೇ ಮಾತನ್ನು ಬೇರೊಬ್ಬ ವಿದ್ಯಾರ್ಥಿ 1991ರಲ್ಲಿ ನನಗೆ ಹೇಳಿದ್ದ. ಆಗ ನಾನು ನಕ್ಕಿದ್ದೆ. ಈ ಲೇಖನವನ್ನು ಬರೆಯಲು ಕಾರಣ ಆ ನಗು.

*

ನಾನಾಗ ಕೊಡಗಿನ ದಕ್ಷಿಣ ಭಾಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಅಧ್ಯಾಪಕನಾಗಿದ್ದೆ. ಬಯಲುಸೀಮೆಯಲ್ಲಿ ಬೆಳೆದ ನನಗೆ ಅಲ್ಲಿನ ಮಳೆಯೂ ಕಾಡೂ ಹೊಸತು. ಒಂಬತ್ತನೆಯ ತರಗತಿಯಲ್ಲಿ ಮಾಕುಟ್ಟದಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ವಿರಾಜಪೇಟೆಯಿಂದ ಪೆರುಂಬಾಡಿಯ ಮಾರ್ಗವಾಗಿ ಘಟ್ಟ ಇಳಿದರೆ ಕೇರಳದ ಗಡಿಗೆ ಸ್ವಲ್ಪ ಮೊದಲು ಸಿಗುವ ಕಾಡಿನ ನಡುವಿನ ಊರು ಮಾಕುಟ್ಟ. ಕಣ್ಣೂರಿನ ಕಡೆಯಿಂದ ಬರುವ ಬೆಳಗಿನ ಬಸ್ಸನ್ನು ಹಿಡಿದು ಅವನು ಘಟ್ಟ ಹತ್ತಿ ಬರುತ್ತಿದ್ದ. ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ಕೊಡವ ಭಾಷೆ, ಶಾಲೆಯಲ್ಲಿ ಕನ್ನಡ. ಮೂರು ಭಾಷೆ ಬಲ್ಲ ಹುಡುಗ ತರಗತಿಯಲ್ಲಿ ಮಾತ್ರ ಮೌನಿ.

ಅವನು ನೀರು ತರುತ್ತಿದ್ದ ಗಾಜಿನ ಬಾಟಲಿಯ ಬಗ್ಗೆ ಸಹಪಾಠಿಗಳಿಗೆ ಕುಚೋದ್ಯ. ನೀರು ತಿಳಿಯಾದ ಚಹಾದಂತೆ ಕಾಣುತ್ತಿತ್ತು. ಒಂದು ದಿನ ಯಾರೋ “ಸರ್, ಇವನು ಕಳ್ಳು ತಂದಿದ್ದಾನೆ” ಎಂದರು. ನಾನು ವಿಚಾರಿಸಿದೆ. ಹೊನ್ನೆ ಮರದ ಬಟ್ಟಲಲ್ಲಿ ರಾತ್ರಿಯಿಟ್ಟ ನೀರು ಅದು, ಅಜ್ಜ ಕೆತ್ತಿದ ಬಟ್ಟಲು, ಎಂದ ಹುಡುಗ. ಆಮೇಲೆ ತಾನಾಗಿಯೇ, ನಾನು ಕೇಳದಿದ್ದರೂ, “ಇದು ಬಿಸಿಲಲ್ಲಿ ನೀಲಿಯಾಗುತ್ತದೆ ಸರ್” ಎಂದು ಸೇರಿಸಿದ.

ನಾನು ಬಾಟಲಿಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದೆ. ಹೊಂಬಣ್ಣವೇ ಹೊರತು ನೀಲಿಯ ಸುಳಿವಿಲ್ಲ. “ಎಲ್ಲಿದೆಯಪ್ಪಾ ನೀಲಿ? ನಿನ್ನ ಅಜ್ಜನ ಕನ್ನಡಕಕ್ಕೇನಾದರೂ ನೀಲಿ ಬಣ್ಣವೋ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಬಾಟಲಿಯನ್ನು ವಾಪಸ್ಸು ಪಡೆದು ಕುಳಿತ. ನಾನು ಪಾಠ ಮುಂದುವರಿಸಿದೆ. ಅಂದಿನ ಪಾಠ, ಸ್ಪೇನ್ ಮತ್ತು ಪೋರ್ಚುಗಲ್ ದೇಶದವರ ಭೌಗೋಳಿಕ ಅನ್ವೇಷಣೆಗಳು. ಇದನ್ನು ನೆನಪಿನಲ್ಲಿಡಿ.

*

ಅವನು ಮುನಿಸಿಕೊಳ್ಳಲಿಲ್ಲ. ಜುಲೈ ತಿಂಗಳ ಒಂದು ಭಾನುವಾರ ತನ್ನ ಮನೆಗೆ ಬರಬೇಕೆಂದು ಕರೆದ. ಮಾಕುಟ್ಟವನ್ನು ನಾನು ಮೊದಲು ನೋಡಿದ್ದು ಅಂದೇ. ಬ್ರಹ್ಮಗಿರಿಯ ಪಶ್ಚಿಮದ ಇಳಿಜಾರು, ಅರಬ್ಬೀ ಸಮುದ್ರದ ಮೋಡಗಳಿಗೆ ನೇರವಾಗಿ ಎದೆಯೊಡ್ಡಿದ ನಿತ್ಯಹರಿದ್ವರ್ಣದ ಕಾಡು. 1974ರಲ್ಲಿ ಘೋಷಿತವಾದ ಬ್ರಹ್ಮಗಿರಿ ವನ್ಯಜೀವಿ ಧಾಮದ ಭಾಗ. ಬಾರಪೊಳೆ ಇಲ್ಲಿಂದಲೇ ಕೇರಳಕ್ಕೆ ಇಳಿಯುತ್ತದೆ. ಕೊಡಗಿನ ಇತಿಹಾಸ ಓದಿದವರಿಗೆ ಈ ಸೀಮೆಯ ಘಟ್ಟದ ದಾರಿಗಳ ಮಹತ್ವ ಗೊತ್ತು. 1791ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಹೊರಟ ಜನರಲ್ ಅಬರ್‌ಕ್ರೋಂಬಿಯ ಮುಂಬಯಿ ಸೈನ್ಯ ಮಲಬಾರಿನಿಂದ ಕೊಡಗಿಗೆ ಹತ್ತಿ ಬಂದದ್ದು ಈ ಕಡೆಯಿಂದ. ದೊಡ್ಡವೀರರಾಜೇಂದ್ರ ಅವನನ್ನು ಎದುರುಗೊಂಡ ನೆನಪಿಗಾಗಿಯೇ ಮರುವರ್ಷ ವೀರರಾಜೇಂದ್ರಪೇಟೆ, ಅಂದರೆ ಇಂದಿನ ವಿರಾಜಪೇಟೆ, ಹುಟ್ಟಿತು. ದಂಡು ಹತ್ತಿದ ಸೀಮೆಯಲ್ಲಿಯೇ ಮರವೂ ಮೆಣಸೂ ಇಳಿದು ಹೋದವು.

ಹುಡುಗನ ಅಜ್ಜ ಮರಗೆಲಸದವರು. ಕಟ್ಟೆಯ ಮೇಲೆ ಕುಳಿತು ಹೊನ್ನೆಯ ಒಂದು ತುಂಡನ್ನು ಎದುರಿಗಿಟ್ಟುಕೊಂಡಿದ್ದರು. ಮಾಕುಟ್ಟದಂಥ ದಟ್ಟ ಮಳೆಕಾಡು ಹೊನ್ನೆಯ ತವರಲ್ಲ; ಅದು ಹೆಚ್ಚಾಗಿ ಬೆಳೆಯುವುದು ಘಟ್ಟದ ಮೇಲೆ, ಮಳೆ ಸ್ವಲ್ಪ ಕಡಿಮೆಯಾಗಿ ಎಲೆ ಉದುರುವ ಕಾಡುಗಳಲ್ಲಿ, ಅಲ್ಲಿನ ಕಾಫಿ ತೋಟಗಳ ನೆರಳಿನ ಮರಗಳ ನಡುವೆ. ಅಂಥ ಒಂದು ತೋಟದಲ್ಲಿ ಗಾಳಿಗೆ ಮುರಿದು ಬಿದ್ದ ದಪ್ಪ ಕೊಂಬೆಯಿಂದ ತೋಟದ ಯಜಮಾನರು ಕೊಟ್ಟ ತುಂಡು ಅದು.

ಆ ದಿನ ನೋಡಿದ್ದನ್ನು ಇಂದಿಗೂ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲೆ. ಮೊದಲು ತುಂಡನ್ನು ಉದ್ದಕ್ಕೆ ಸೀಳಿದರು. ನಟ್ಟನಡುವಿನ ತಿರುಳನ್ನು ಬಾಚಿಯಿಂದ ಕೆತ್ತಿ ಬಿಸಾಡಿದರು. ಆ ತಿರುಳು ಒಳಗುಳಿದರೆ ಒಣಗುವಾಗ ಬಟ್ಟಲು ಅಲ್ಲಿಂದಲೇ ಬಿರಿಯುತ್ತದೆ. ತೊಗಟೆಗೆ ಹತ್ತಿದ ಬಿಳಿಯ ಭಾಗವನ್ನೂ ತೆಗೆದರು. ಉಳಿದದ್ದು ಚೇಗು, ಜೇನುಬಣ್ಣದ ಮೈಯಲ್ಲಿ ಕಂದು ಗೆರೆಗಳು. ಅದನ್ನು ನೆಲಕ್ಕೆ ಊರಿ, ಬಾಯಿ ಬಾಗಿದ ಉಳಿಯನ್ನಿಟ್ಟು, ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಒಳಗನ್ನು ತೋಡತೊಡಗಿದರು. ಮೊದಲು ಒಳಗು, ಆಮೇಲೆ ಹೊರಗು. ತುಂಡು ದಪ್ಪವಾಗಿರುವಾಗಲೇ ಒಳಗಿನ ಪೆಟ್ಟನ್ನು ತಾಳಬಲ್ಲದು. ಹೊರಮೈ ತೆಳುವಾದ ಮೇಲೆ ಹೊಡೆದರೆ ಒಡೆದೀತು. ಚಕ್ಕೆಗಳನ್ನು ಮುಟ್ಟಿದ ನನ್ನ ಒದ್ದೆ ಬೆರಳು ಹಳದಿಯಾಯಿತು.

ಸಂಜೆಯ ಹೊತ್ತಿಗೆ ಒರಟಾದ ಬಟ್ಟಲಿನ ಆಕಾರ ಬಂದಿತ್ತು. ಅದನ್ನು ಅವರು ತನ್ನದೇ ಚಕ್ಕೆಗಳ ಜೊತೆ ಗೋಣಿಯಲ್ಲಿ ಸುತ್ತಿ ಮೂಲೆಗಿಟ್ಟರು. ಬೇಗ ಒಣಗಿದರೆ ಹೊರಮೈ ಮೊದಲು ಕುಗ್ಗುತ್ತದೆ, ಒಳಗು ಹಸಿಯಾಗಿಯೇ ಉಳಿಯುತ್ತದೆ, ಆ ಎಳೆದಾಟದಲ್ಲಿ ಸೀಳು ಬೀಳುತ್ತದೆ. ಆದ್ದರಿಂದ ಹಸಿಮರದ ಕೆಲಸಕ್ಕೆ ಮಳೆಗಾಲವೇ ಒಳ್ಳೆಯದು ಎಂದು ವಿವರಿಸಿದರು. ಬೀಳ್ಕೊಡುವಾಗ, ಮಲಯಾಳ ಬೆರೆತ ಕನ್ನಡದಲ್ಲಿ, “ಒಣಗಿದ ಮೇಲೆ ನಯ ಮಾಡಿ ಮಗುವಿನ ಹತ್ತಿರ ಕಳಿಸುತ್ತೇನೆ ಮಾಷೇ. ಬಿಸಿಲು ಬಂದಾಗ ನೀರು ಹಾಕಿ, ಬೆಳಕಿಗೆ ಬೆನ್ನು ಮಾಡಿ ನಿಂತು ನೋಡಿ” ಎಂದರು.

ಅಂದು ಮಾಕುಟ್ಟದಲ್ಲಿ ಬಿಸಿಲೆಂಬುದೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಹುಡುಗ ಬಟ್ಟಲನ್ನು ತಂದುಕೊಟ್ಟ. ನಾನು ಸಂತೋಷದಿಂದ ಸ್ವೀಕರಿಸಿ, ಬಟ್ಟೆಯಲ್ಲಿ ಸುತ್ತಿ, ಜೋಪಾನವಾಗಿಟ್ಟೆ. ಅಜ್ಜನ ಮಾತಿನ ಎರಡನೆಯ ಭಾಗವನ್ನು ಮರೆತೆ.

*

ಈ ಜನವರಿಯಲ್ಲಿ, ಮೂವತ್ತಮೂರು ವರ್ಷಗಳೂ ಮೀರಿದ ಮೇಲೆ, ಆ ಹೊಂಬಣ್ಣದ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು ಜಗಲಿಯಲ್ಲಿ ನಿಂತೆ. ಸೂರ್ಯನ ಕಡೆಗೆ ಎತ್ತಿ ಹಿಡಿದರೆ ಚಹಾದ ಬಣ್ಣ. ಸೂರ್ಯನಿಗೆ ಬೆನ್ನು ಮಾಡಿ, ಲೋಟದ ಹಿಂದೆ ಕಪ್ಪು ಕೊಡೆಯನ್ನು ಹಿಡಿದು ನೋಡಿದರೆ ಆಕಾಶದ ತುಣುಕೊಂದು ನೀರಿನಲ್ಲಿ ಕರಗಿದಂಥ ನೀಲಿ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ತಪ್ಪಿದ್ದು ನಾನು ನಿಂತ ಜಾಗದಲ್ಲಿ.

ಆಮೇಲೆ ಈ ನೀಲಿಯ ಇತಿಹಾಸವನ್ನು ಹುಡುಕಿಕೊಂಡು ಹೋದೆ. ಅಂದು ತರಗತಿಯಲ್ಲಿ ನಾನು ಪಾಠ ಮಾಡುತ್ತಿದ್ದ ಸ್ಪೇನಿಗೇ ಅದು ನನ್ನನ್ನು ಕರೆದೊಯ್ದಿತು!

1565ರಲ್ಲಿ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್, ಹೊಸ ಜಗತ್ತಿನಿಂದ ಬಂದ ಔಷಧಿಗಳ ಬಗ್ಗೆ ಒಂದು ಗ್ರಂಥವನ್ನು ಪ್ರಕಟಿಸಿದ. ಮೂತ್ರಪಿಂಡದ ಬಾಧೆಗೆ ಬಳಸುತ್ತಿದ್ದ ಮೆಕ್ಸಿಕೋದ ಒಂದು ಮರವನ್ನು ಅವನು ಅದರಲ್ಲಿ ವರ್ಣಿಸಿದ್ದಾನೆ. ಅದರ ಚಕ್ಕೆಗಳನ್ನು ನೀರಿಗೆ ಹಾಕಿದರೆ ನೀರು ನೀಲಿಯಾಗುತ್ತದೆ. ನೀಲಿಯಾಗದಿದ್ದರೆ ಮರ ಅಸಲಿಯಲ್ಲ. ಅಂದರೆ ಬಣ್ಣವೇ ಅಸಲಿತನದ ಒರೆಗಲ್ಲು. ಯುರೋಪಿನ ಶ್ರೀಮಂತರ ಮನೆಗಳಿಗೆ ಅಂಥ ಮರದಲ್ಲಿ ಕೆತ್ತಿದ ಬಟ್ಟಲುಗಳೂ ಬಂದವು. ಜೆಸ್ವಿಟ್ ಪಾದ್ರಿ ಅಥನೇಸಿಯಸ್ ಕಿರ್ಚರ್ ತನಗೆ ಕಾಣಿಕೆಯಾಗಿ ಬಂದ ಒಂದು ಬಟ್ಟಲಿನ ವಿಷಯವನ್ನು 1646ರ ತನ್ನ ಗ್ರಂಥದಲ್ಲಿ ಬರೆದ.

ಆದರೆ ಸರಿಯಾಗಿ ನೋಡಿದವನು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್. ಅನಿಲಗಳ ನಿಯಮದ ಬಾಯ್ಲ್ ಅವನೇ. ಬಣ್ಣಗಳನ್ನು ಕುರಿತ 1664ರ ಪುಸ್ತಕದಲ್ಲಿ ಅವನು ಬರೆದದ್ದು ಇಷ್ಟು: ಸೀಸೆಯನ್ನು ಕಣ್ಣಿಗೂ ಬೆಳಕಿಗೂ ನಡುವೆ ಹಿಡಿದರೆ ನೀರು ಹೊಂಬಣ್ಣ, ಕಣ್ಣು ಬೆಳಕಿನ ಕಡೆಗೇ ಇದ್ದರೆ ನೀಲಿ. ಹುಳಿಯ ಕೆಲವು ಹನಿ ಬಿದ್ದರೆ ನೀಲಿ ಮಾಯ. ಕ್ಷಾರ ಸೇರಿಸಿದರೆ ಮತ್ತೆ ಪ್ರತ್ಯಕ್ಷ. ನ್ಯೂಟನ್ ಕೂಡ 1672ರ ತನ್ನ ಪ್ರಸಿದ್ಧ ಪತ್ರದಲ್ಲಿ ಈ ಮರದ ನೀರನ್ನು ಪ್ರಸ್ತಾಪಿಸಿದ್ದಾನೆ. ‘ಬೆಳಕಿಗೆ ಬೆನ್ನು ಮಾಡಿ ನಿಂತು ನೋಡಿ’ ಎಂಬ ಮಾಕುಟ್ಟದ ಅಜ್ಜನ ಮಾತಿಗೂ ಬಾಯ್ಲನ ಮಾತಿಗೂ ಏನಾದರೂ ವ್ಯತ್ಯಾಸವಿದೆಯೇ? ಒಬ್ಬ ಅದನ್ನು ಬರೆದಿಟ್ಟ, ಇನ್ನೊಬ್ಬರು ಬರೆದಿಡಲಿಲ್ಲ. ಅಷ್ಟೇ.

ಹೀಗೇಕಾಗುತ್ತದೆ ಎಂಬುದಕ್ಕೆ ದಾರಿ ತೆರೆದದ್ದು 1852ರಲ್ಲಿ. ಕೇಂಬ್ರಿಡ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ, ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿ ಹೊರಸೂಸುತ್ತವೆಂದು ತೋರಿಸಿಕೊಟ್ಟ. ಇದನ್ನು ಈಗ ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತೇವೆ. ನಮ್ಮ ಮನೆಗಳ ಟ್ಯೂಬ್‌ಲೈಟು ಬೆಳಗುತ್ತಿದ್ದುದು ಇದೇ ತತ್ತ್ವದಿಂದ. ಹೊಂಬಣ್ಣ ನೀರನ್ನು ಹಾಯ್ದು ಬಂದ ಬೆಳಕಿನದು, ನೀಲಿ ನೀರೇ ಸೂಸುವ ಬೆಳಕಿನದು. ಬೆಳಕಿಗೆದುರಾಗಿ ಹಿಡಿದಾಗ ಮೊದಲನೆಯದರ ಅಬ್ಬರದಲ್ಲಿ ಎರಡನೆಯದು ಅಡಗಿಹೋಗುತ್ತದೆ. ಜೋರು ದನಿಯ ಮೇಷ್ಟರ ಮುಂದೆ ಮೆಲುದನಿಯ ಹುಡುಗನ ಹಾಗೆ.

ಇಷ್ಟಾದರೂ ಆ ಬಟ್ಟಲುಗಳ ಮರ ಯಾವುದೆಂಬ ಗೊಂದಲ ಬಹುಕಾಲ ಉಳಿದಿತ್ತು. ಮೆಕ್ಸಿಕೋದ ಗಿಡ ಬಲು ಚಿಕ್ಕದು. ಅದರಲ್ಲಿ ದೊಡ್ಡ ಬಟ್ಟಲು ಕೆತ್ತುವುದೆಂತು? 1915ರ ಸುಮಾರಿಗೆ ಅಮೆರಿಕದ ಸಸ್ಯಶಾಸ್ತ್ರಜ್ಞ ವಿಲಿಯಂ ಸ್ಯಾಫರ್ಡ್ ಒಗಟನ್ನು ಬಿಡಿಸಿದ. ಮರಗಳು ಒಂದಲ್ಲ, ಎರಡು. ಬಟ್ಟಲುಗಳು ಬಂದದ್ದು ಫಿಲಿಪೈನ್ಸಿನ ‘ನರ್ರಾ’ ಎಂಬ ಮರದಿಂದ. 1565ರಲ್ಲಿ ಆರಂಭವಾಗಿ 1815ರವರೆಗೆ ನಡೆದ ಸ್ಪೇನಿನ ಹಡಗುಗಳ ಯಾನ ಫಿಲಿಪೈನ್ಸನ್ನೂ ಮೆಕ್ಸಿಕೋವನ್ನೂ ಬೆಸೆದಿತ್ತಲ್ಲವೇ? ಆ ದಾರಿಯಲ್ಲಿ ಬಟ್ಟಲುಗಳೂ ಸಾಗಿದವು, ಎರಡು ಮರಗಳೂ ಒಂದೇ ಹೆಸರಿನಡಿ ಬೆರೆತುಹೋದವು. ಮೆಕ್ಸಿಕೋದ ಮರದ ನೀಲಿಗೆ ಕಾರಣವಾದ ರಾಸಾಯನಿಕವನ್ನು ಸ್ಪೇನಿನ ವಿಜ್ಞಾನಿಗಳು 2009ರಲ್ಲಿ ಗುರುತಿಸಿ ‘ಮ್ಯಾಟ್ಲಲೀನ್’ ಎಂದು ಹೆಸರಿಟ್ಟರು.

ಈ ನರ್ರಾ ಬೇರಾರೂ ಅಲ್ಲ, ನಮ್ಮ ಹೊನ್ನೆಯ ಒಡಹುಟ್ಟು. ಎರಡೂ ಟೆರೊಕಾರ್ಪಸ್ ಎಂಬ ಒಂದೇ ಕುಲದವು. ರಕ್ತಚಂದನವೂ ಅದೇ ಕುಲದ್ದು. ನಮ್ಮದು ಟೆರೊಕಾರ್ಪಸ್ ಮಾರ್ಸೂಪಿಯಂ. ಮಲಯಾಳದಲ್ಲಿ ವೇಂಗ, ಸಂಸ್ಕೃತದಲ್ಲಿ ಅಸನ, ಬೀಜಕ. ತೊಗಟೆ ಕಡಿದರೆ ಕೆಂಪು ರಸ ಒಸರುವುದರಿಂದ ರಕ್ತಹೊನ್ನೆಯೆಂದೂ ಹೇಳುವುದುಂಟು. ಆ ರಸವನ್ನು ಒಣಗಿಸಿ ಬ್ರಿಟಿಷರು ಮಲಬಾರಿನ ಕಡೆಯಿಂದ ‘ಕೈನೋ’ ಎಂಬ ಹೆಸರಿನಲ್ಲಿ ಕೊಂಡೊಯ್ದು ಭೇದಿಗೆ ಔಷಧಿಯಾಗಿ ಬಳಸುತ್ತಿದ್ದರು. ಎಣ್ಣೆಬೀಜ ಕೊಡುವ ಸುರಹೊನ್ನೆ ಬೇರೆಯ ಮರ; ಹೆಸರಿನಿಂದ ಮೋಸಹೋಗಬಾರದು.

*

ಇಲ್ಲಿ ನಮ್ಮ ಬಂಧುಬಳಗಕ್ಕೆ ಒಂದು ಮಾತು ಹೇಳಲೇಬೇಕು. ಈ ವಿಷಯ ತಿಳಿದ ಮೇಲೆ ನನ್ನ ತಂಗಿಯ ಮಗ ಫೋನು ಮಾಡಿ, “ಮಾವ, ನನಗೂ ಒಂದು ಹೊನ್ನೆ ಲೋಟ ತರಿಸಿಕೊಡಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟುಬಿಡುತ್ತೇನೆ” ಎಂದ. ಲೇತಿನಲ್ಲಿ ಕಡೆದ ಹೊನ್ನೆಯ ಲೋಟಗಳು ಇಂದು ಮೇಳಗಳಲ್ಲೂ ಅಂಗಡಿಗಳಲ್ಲೂ ಸಿಗುತ್ತವೆ. ನಂಬಿಕೆಗೆ ಹಿನ್ನೆಲೆಯೂ ಇದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಅಸನವೇ ಮೊದಲಾದ ಮರಗಳ ಗುಂಪನ್ನು ಪ್ರಮೇಹಕ್ಕೆ ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇದನ್ನು ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿತು: ಹೊಸದಾಗಿ ಮಧುಮೇಹ ಪತ್ತೆಯಾದ 97 ಜನರಲ್ಲಿ 67 ಮಂದಿಗೆ 12 ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತು.

ಆದರೆ ಪೂರ್ತಿ ಓದಬೇಕು. ಅಲ್ಲಿ ಕೊಟ್ಟದ್ದು ಅಳತೆಯಿಟ್ಟು ತಯಾರಿಸಿದ ಸಾರ. ಬಟ್ಟಲಲ್ಲಿ ನೆನೆದ ನೀರಲ್ಲ. ಹೋಲಿಸಿ ನೋಡಲು ಬೇರೆ ಔಷಧಿಯ ಗುಂಪು ಇರಲಿಲ್ಲ. ಪಾಲ್ಗೊಂಡವರು ಹೊಸ ರೋಗಿಗಳು, ವೈದ್ಯರ ಕಣ್ಗಾವಲಿನಲ್ಲಿದ್ದವರು. ಬಟ್ಟಲಿನಿಂದ ಒಂದು ರಾತ್ರಿಗೆ ಎಷ್ಟು ಸಾರ ಇಳಿಯುತ್ತದೆಂಬುದಕ್ಕೆ ಅಳತೆಯಿಲ್ಲ. ಬಳಸುತ್ತ ಹೋದಂತೆ ನೀರಿನ ಬಣ್ಣವೂ ತೆಳುವಾಗುತ್ತದೆ. ನೀಲಿ ಕಾಣುತ್ತದೆ ಎಂಬುದು ನಿಜ. ಅದರಿಂದ ಮಾತ್ರೆ ಬಿಡಬಹುದು ಎಂಬುದು ನಿಜವಾಗುವುದಿಲ್ಲ. ಅಳಿಯನಿಗೆ ಹೇಳಿದೆ: “ಲೋಟ ಬೇಕಾದರೆ ಇಟ್ಟುಕೋ, ಮಾತ್ರೆ ಬಿಡಬೇಡ. ಹೊನ್ನೆಯ ನೀರು ಕುಡಿಯುವುದಾದರೂ ಡಾಕ್ಟರಿಗೆ ತಿಳಿಸಿಯೇ ಕುಡಿ.” ಕಾಣದ್ದನ್ನು ಇಲ್ಲವೆಂದು ನಗುವುದು ಒಂದು ತಪ್ಪಾದರೆ, ಕಂಡಷ್ಟರಿಂದಲೇ ಎಲ್ಲವನ್ನೂ ನಂಬುವುದು ಇನ್ನೊಂದು ತಪ್ಪು. ಎರಡೂ ಚೆನ್ನಾಗಿ ನೋಡದವನ ತಪ್ಪುಗಳೇ.

*

ಈಗ ಎರಡು ಬಟ್ಟಲುಗಳೂ ನನ್ನ ಮೇಜಿನ ಮೇಲೆ ಅಕ್ಕಪಕ್ಕದಲ್ಲಿವೆ. ಗುಕ್ಸಿಯನ್ನು ಕೆತ್ತುವುದು ಬರ್ಚ್ ಮರದ ಗಂಟಿನಲ್ಲಿ. ನಮ್ಮ ಭೂರ್ಜವೃಕ್ಷ ಆ ಬರ್ಚಿನ ಬಂಧು. ಗಂಟಿನಲ್ಲಿ ಎಳೆಗಳು ಸುತ್ತಿಕೊಂಡಿರುವುದರಿಂದ ಅದು ಸುಲಭವಾಗಿ ಸೀಳುವುದಿಲ್ಲ. ಅವರೂ ಹಸಿಯಲ್ಲಿ ತೋಡಿ, ನಿಧಾನವಾಗಿ ಒಣಗಿಸಿ, ಆಮೇಲೆ ನಯ ಮಾಡುತ್ತಾರೆ. ಕೆಲವರು ಬಿರಿಯದಿರಲೆಂದು ಉಪ್ಪುನೀರಿನಲ್ಲಿ ಕುದಿಸುವುದೂ ಉಂಟಂತೆ. ಸಾವಿರಾರು ಮೈಲಿ ದೂರದ ಎರಡು ಕೈಗಳು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಪಾಠ ಕಲಿತಿವೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಗುಕ್ಸಿಗೆ ಎಣ್ಣೆಯೋ ಕೊಬ್ಬೋ ಕುಡಿಸಿ, ಮರದ ರುಚಿ ಪಾನೀಯಕ್ಕೆ ತಗುಲದಂತೆ ನೋಡಿಕೊಳ್ಳುತ್ತಾರೆ. ಹೊನ್ನೆಯ ಬಟ್ಟಲಿಗೆ ಎಣ್ಣೆ ಸೋಕಿಸುವಂತಿಲ್ಲ. ಮರ ತನ್ನನ್ನು ನೀರಿಗೆ ಕೊಡಬೇಕು. ಉಪ್ಪು ಹುಳಿಗೆ ಮರದ ಮರಿಗೆ, ಹಾಲಿಗೆ ಬಿದಿರಿನ ಅಂಡೆ, ಸೌಟಿಗೆ ತೆಂಗಿನ ಚಿಪ್ಪು... ಯಾವುದಕ್ಕೆ ಯಾವುದು ಎಂಬುದನ್ನು ನಮ್ಮ ಹಿರಿಯರು ನೋಡಿ ನೋಡಿ ಕಂಡುಕೊಂಡಿದ್ದರು. ಸ್ಟೀಲು ಪ್ಲಾಸ್ಟಿಕ್ಕುಗಳ ನಡುವೆ ಪಾತ್ರೆಗಳು ಹೋದವು. ಅವುಗಳೊಂದಿಗೆ ಆ ನೋಟವೂ ಹೋಗಬಾರದಿತ್ತು.

2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಮಾಕುಟ್ಟದ ರಸ್ತೆ ಮುಚ್ಚಿದ ಸುದ್ದಿ ಓದಿದಾಗ ಆ ಮನೆಯ ನೆನಪಾಗಿತ್ತು. ವಿಚಾರಿಸಿದರೆ, ಅಜ್ಜ ತೀರಿಕೊಂಡು ಬಹುಕಾಲವಾಗಿತ್ತು. ಮನೆಯವರು ಅದಕ್ಕೂ ಎಷ್ಟೋ ಮೊದಲೇ ಗಡಿಯಾಚೆ ಹೋಗಿ ನೆಲೆಸಿದ್ದರು. ಹುಡುಗ ಎಲ್ಲಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ. ಹುಡುಗನೆಂದರೆ ತಪ್ಪಾದೀತು, ಈಗ ಅವನಿಗೆ ಐವತ್ತರ ಹತ್ತಿರ ಹತ್ತಿರ ವಯಸ್ಸು.

ನನ್ನ ಈ ಬರಹಗಳನ್ನು ಹಳೆಯ ವಿದ್ಯಾರ್ಥಿಗಳು ಒಬ್ಬರಿಂದೊಬ್ಬರಿಗೆ ಕಳುಹಿಸುತ್ತಿರುತ್ತಾರೆ. ಆ ಮೂಲಕ ಎಂದಾದರೂ ನಿನಗೂ ಇದು ತಲುಪೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ, ಅಪ್ಪಾ. ಅಂದು ನೀನು ಹೇಳಿದ್ದು ಸರಿ. ನೀರು ನೀಲಿಯೇ. ನಾನು ಬೆಳಕಿಗೆ ಮುಖ ಮಾಡಿ ನಿಂತಿದ್ದೆ, ನಲವತ್ತು ಮಕ್ಕಳನ್ನು ನಗಿಸಿದೆ, ನಿನ್ನನ್ನು ಇನ್ನಷ್ಟು ಮೌನಿಯಾಗಿಸಿದೆ. “ಎಲ್ಲಿ, ಹೇಗೆ ಹಿಡಿದು ನೋಡಬೇಕು, ತೋರಿಸು” ಎಂಬ ಒಂದು ಮಾತು ಕೇಳಿದ್ದರೆ ಅಂದಿನ ಪಾಠ ಮೊನಾರ್ಡೆಸನಿಂದ ಮಾಕುಟ್ಟದವರೆಗೆ ತಾನಾಗಿಯೇ ಬೆಳೆಯುತ್ತಿತ್ತು. ಮೇಷ್ಟರಾಗಿ ನಾನು ತಪ್ಪಾಗಿ ಕೊಟ್ಟ ಅಂಕವನ್ನು ಇಂದು ತಿದ್ದುತ್ತಿದ್ದೇನೆ.

ಅಜ್ಜನ ಬಟ್ಟಲು ಇನ್ನು ಅಲ್ಮಾರಿಗೆ ಹೋಗುವುದಿಲ್ಲ. ನಮ್ಮ ಮನೆಗೆ ಬರುವ ಮಕ್ಕಳಿಗೆಲ್ಲ ನೀರು ತುಂಬಿ ಜಗಲಿಯಲ್ಲಿ ತೋರಿಸುತ್ತಿದ್ದೇನೆ. ಮೊದಲು ಬೆಳಕಿಗೆದುರಾಗಿ, ಆಮೇಲೆ ಬೆಳಕಿಗೆ ಬೆನ್ನಾಗಿ. ಮಾಕುಟ್ಟದ ಒಬ್ಬ ಹುಡುಗ ನನಗೆ ಕಲಿಸಿದ್ದು ಎಂದು ಹೇಳಿಯೇ ತೋರಿಸುತ್ತೇನೆ.